ಸಾಗರದಂಚಿನ ಅರವಟ್ಟಿಗೆ: ಗ್ಯಾಂಡರ್ ವಿಮಾನ ನಿಲ್ದಾಣದ ಕಥೆ

ಉತ್ತರ ಅಮೆರಿಕದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು ತಾಯ್ನಾಡಿಗೆ ಹೋಗಿಬರುವ ದಾರಿಯಲ್ಲಿ ಗ್ಯಾಂಡರ್ ಎಂಬ ಹೆಸರನ್ನು ಕಂಡಿರುತ್ತೇವೆ. ಆಸನದ ಎದುರಿನ ಪುಟ್ಟ ಪರದೆಯ ಮೇಲೆ ನಕ್ಷೆ ಮೂಡುತ್ತದೆ. ವಿಮಾನದ ಚಿತ್ರವೊಂದು ಕೆನಡಾದ ಪೂರ್ವದ ಅಂಚನ್ನು ತಲುಪುತ್ತದೆ. ಅಲ್ಲಿ ನೆಲ ಮುಗಿದು ನೀಲಿ ಬಣ್ಣ ಆರಂಭವಾಗುವ ಎಡೆಯಲ್ಲಿ ಈ ಒಂದು ಹೆಸರು ಕಾಣಿಸಿಕೊಂಡು ಮರೆಯಾಗುತ್ತದೆ. ಅಷ್ಟು ಹೊತ್ತಿಗೆ ನಾವು ಊಟ ಮುಗಿಸಿ ಕಣ್ಣು ಮುಚ್ಚಿರುತ್ತೇವೆ, ಇಲ್ಲವೇ ಮಡಿಲಲ್ಲಿನ ಮಗುವನ್ನು ಮಲಗಿಸುತ್ತಿರುತ್ತೇವೆ. ಆ ಹೆಸರು ಒಂದು ಊರಿನದು, ಆ ಊರಿನಲ್ಲಿ ಮನೆಮಠ ಮಾಡಿಕೊಂಡು ಬಾಳುವ ಜನರಿದ್ದಾರೆ ಎಂಬ ಯೋಚನೆ ಮನಸ್ಸಿಗೆ ಬರುವುದಿಲ್ಲ. ನನಗೂ ಬಹುಕಾಲ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ನಮ್ಮ ಯಜಮಾನರಿಗೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಕೆಲಸವಿದ್ದ ಕಾರಣ, ಆ ಹೆಸರಿನ ಊರಿನಲ್ಲಿಯೇ ಇಳಿಯುವ ಸಂದರ್ಭ ಒದಗಿತು. ಹ್ಯಾಲಿಫ್ಯಾಕ್ಸಿನಿಂದ ಹೊರಟದ್ದು ಪ್ರೊಪೆಲ್ಲರುಗಳ ಒಂದು ಸಣ್ಣ ವಿಮಾನ. ಒಳಗಿದ್ದ ಹಲವರಿಗೆ ಒಬ್ಬರ ಪರಿಚಯ ಒಬ್ಬರಿಗಿತ್ತು. ಯಾರೋ ಆಸ್ಪತ್ರೆಗೆ ಹೋಗಿ ಮರಳುತ್ತಿದ್ದರು, ಯಾರೋ ಮೊಮ್ಮಗುವನ್ನು ನೋಡಲು ಹೊರಟಿದ್ದರು. ಕಿಟಕಿಯ ಕೆಳಗೆ ಕಡುಹಸಿರು ಕಾಡು, ಲೆಕ್ಕವಿಲ್ಲದಷ್ಟು ಕೆರೆಗಳು, ಜೌಗು ನೆಲ. ಒಂದು ಮನೆಯ ಮಾಡೂ ಕಾಣಲಿಲ್ಲ. ಅಂಥ ಅರಣ್ಯದ ನಡುವೆ ಥಟ್ಟನೆ ಅಗಲವಾದ ರನ್‌ವೇ ಕಾಣಿಸಿತು. ವಿಮಾನ ಅದರ ಒಂದು ಮೂಲೆಯಲ್ಲಿ ಇಳಿದು ನಿಂತಾಗ, ಮದುವೆಯ ಚಪ್ಪರದಲ್ಲಿ ಒಬ್ಬನೇ ಅತಿಥಿ ಕುಳಿತಂತೆ ಅನ್ನಿಸಿತು. ಅಲ್ಲಿನ ಮುಖ್ಯ ರನ್‌ವೇಯ ಉದ್ದ 10,200 ಅಡಿ, ಎಂದರೆ ಮೂರು ಕಿಲೋಮೀಟರಿಗೂ ಮಿಗಿಲು. ಜಗತ್ತಿನ ದೊಡ್ಡ ದೊಡ್ಡ ವಿಮಾನಗಳೂ ಅಲ್ಲಿ ಇಳಿಯಬಲ್ಲವು. ಊರಿನ ಜನಸಂಖ್ಯೆಯಾದರೋ ಸುಮಾರು ಹನ್ನೆರಡು ಸಾವಿರ.

ಗಡಿಯಾರ ಸರಿಪಡಿಸಿಕೊಳ್ಳುವಾಗ ಮತ್ತೊಂದು ವಿಶೇಷ ತಿಳಿಯಿತು. ನ್ಯೂಫೌಂಡ್‌ಲ್ಯಾಂಡಿನ ಕಾಲಮಾನ ನೆರೆಯ ಪ್ರಾಂತಗಳಿಗಿಂತ ಅರ್ಧ ಗಂಟೆ ಮುಂದಿದೆ. ಭಾರತದ ಕಾಲಮಾನದಲ್ಲಿಯೂ ಅಂಥದೇ ಅರ್ಧ ಗಂಟೆಯಿರುವುದರಿಂದ, ಈ ದ್ವೀಪದಲ್ಲಿ ನಿಮಿಷದ ಮುಳ್ಳು ನಮ್ಮ ಊರಿನ ಗಡಿಯಾರದ ಮುಳ್ಳಿನ ಜೊತೆಗೇ ನಡೆಯುತ್ತದೆ. ಬೆಂಗಳೂರಿಗೆ ದೂರವಾಣಿ ಮಾಡುವಾಗ ಅರ್ಧ ಗಂಟೆಯ ಲೆಕ್ಕದಲ್ಲಿ ಸದಾ ಎಡವುತ್ತಿದ್ದ ನನಗೆ ಇದು ಸಣ್ಣ ಸಂತೋಷವನ್ನು ಕೊಟ್ಟಿತು. ಆದರೆ ಮನಸ್ಸಿನಲ್ಲಿ ಉಳಿದದ್ದು ಒಂದು ಪ್ರಶ್ನೆ: ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ನಿಲ್ದಾಣವೇಕೆ? ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದದ್ದು ಇದು: ಊರಿಗಾಗಿ ನಿಲ್ದಾಣ ಹುಟ್ಟಿದ್ದಲ್ಲ, ನಿಲ್ದಾಣಕ್ಕಾಗಿ ಊರು ಹುಟ್ಟಿತು. ಆ ಚರಿತ್ರೆಯನ್ನು ಸಮ್ಮೇಳನದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವವರು ನೇರವಾಗಿ ಪೂರ್ವಕ್ಕೆ ಹೋಗಬೇಕೆಂದು ಚಪ್ಪಟೆ ನಕ್ಷೆಯನ್ನು ನೋಡಿದವರಿಗೆ ತೋರುತ್ತದೆ. ಮಕ್ಕಳ ಓದುವ ಮೇಜಿನ ಮೇಲಿರುವ ಭೂಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ನಿಜಸಂಗತಿ ತಿಳಿಯುತ್ತದೆ. ದಾರ ಉತ್ತರಕ್ಕೆ ಬಾಗಿ, ನ್ಯೂಫೌಂಡ್‌ಲ್ಯಾಂಡನ್ನು ತಾಗಿ, ಸಾಗರವನ್ನು ದಾಟಿ ಐರ್ಲೆಂಡನ್ನು ಮುಟ್ಟುತ್ತದೆ. ಅತಿ ಹತ್ತಿರದ ದಾರಿ ಅದೇ. ಈ ಕಡೆಯ ಕಟ್ಟಕಡೆಯ ನೆಲ ನ್ಯೂಫೌಂಡ್‌ಲ್ಯಾಂಡ್, ಆ ಕಡೆಯ ಮೊಟ್ಟಮೊದಲ ನೆಲ ಐರ್ಲೆಂಡ್. ನಡುವೆ ಸುಮಾರು ಮೂರು ಸಾವಿರ ಕಿಲೋಮೀಟರುಗಳ ನೀರು. ಆದುದರಿಂದಲೇ ಸಾಗರೋಲ್ಲಂಘನದ ಸಾಹಸಿಗಳೆಲ್ಲ ಈ ದ್ವೀಪವನ್ನು ಹುಡುಕಿಕೊಂಡು ಬಂದರು. 1919ರ ಜೂನ್ ತಿಂಗಳಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ಸೇಂಟ್ ಜಾನ್ಸ್ ಪಟ್ಟಣದ ಒಂದು ಬಯಲಿನಿಂದ ಹಾರಿ, ಹದಿನಾರು ಗಂಟೆಯ ಒಳಗೆ ಐರ್ಲೆಂಡಿನ ಜೌಗು ನೆಲದಲ್ಲಿ ಇಳಿದರು. ಎಲ್ಲಿಯೂ ನಿಲ್ಲದೆ ಅಟ್ಲಾಂಟಿಕ್ಕನ್ನು ವಿಮಾನದಲ್ಲಿ ದಾಟಿದವರಲ್ಲಿ ಅವರೇ ಮೊದಲಿಗರು. 1932ರ ಮೇ ತಿಂಗಳಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಇದೇ ದ್ವೀಪದ ಹಾರ್ಬರ್ ಗ್ರೇಸ್ ಎಂಬಲ್ಲಿಂದ ಒಬ್ಬಳೇ ಹೊರಟು ಉತ್ತರ ಐರ್ಲೆಂಡನ್ನು ಸೇರಿದಳು. ಒಂಟಿಯಾಗಿ ಈ ಸಾಗರವನ್ನು ಹಾರಿ ದಾಟಿದ ಮೊದಲ ಮಹಿಳೆ ಆಕೆ.

ಸಾಹಸ ಒಂದು, ನಿತ್ಯದ ಪ್ರಯಾಣ ಇನ್ನೊಂದು. ಅಂಚೆಯನ್ನೂ ಪ್ರಯಾಣಿಕರನ್ನೂ ನಿಯತವಾಗಿ ಸಾಗಿಸಬೇಕಾದರೆ ಭದ್ರವಾದ ನೆಲೆ ಬೇಕಾಗಿತ್ತು. ಆಗ ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಪ್ರತ್ಯೇಕ ನಾಡಾಗಿದ್ದ ಅದು ಸಾಲದ ಹೊರೆಯಿಂದ ಕುಸಿದು, 1934ರಲ್ಲಿ ಸ್ವಯಮಾಡಳಿತವನ್ನೇ ಕಳೆದುಕೊಂಡು, ನಿಯೋಜಿತ ಆಯೋಗದ ಆಳ್ವಿಕೆಗೆ ಒಳಪಟ್ಟಿತ್ತು. ಮೀನುಗಾರಿಕೆಯೇ ಆಧಾರವಾಗಿದ್ದ ಆ ಬಡನಾಡಿನ ನಡುಗಾಡಿನಲ್ಲಿ, ಗ್ಯಾಂಡರ್ ಸರೋವರದ ಮೇಲಿನ ಪ್ರಸ್ಥಭೂಮಿಯನ್ನು 1935ರಲ್ಲಿ ನಿಲ್ದಾಣಕ್ಕಾಗಿ ಆರಿಸಲಾಯಿತು. ಕರಾವಳಿಯನ್ನು ಮುಸುಕುವ ಮಂಜು ಒಳನಾಡಿನಲ್ಲಿ ಅಷ್ಟಾಗಿ ಇರಲಿಲ್ಲ, ನೆಲ ಸಾಕಷ್ಟು ಸಮತಟ್ಟಾಗಿತ್ತು, ಪಕ್ಕದಲ್ಲಿಯೇ ರೈಲುಹಳಿಯಿತ್ತು. ಆ ರೈಲು ನಮ್ಮ ಹಳೆಯ ಮೀಟರ್ ಗೇಜಿಗಿಂತ ಕೊಂಚವೇ ಅಗಲವಾದ ಹಳಿಯ ಮೇಲೆ ಓಡುತ್ತಿತ್ತು. ಮೋಟಾರು ರಸ್ತೆಯೆಂಬುದು ಅಲ್ಲಿಗೆ ಇರಲೇ ಇಲ್ಲ. ಯಂತ್ರ, ಡಾಂಬರು, ಆಹಾರಪದಾರ್ಥ, ಕೂಲಿಯಾಳು ಎಲ್ಲವೂ ಆ ಕಿರಿದಾದ ರೈಲಿನಲ್ಲಿಯೇ ಬರಬೇಕಾಗಿತ್ತು. 1936ರ ಜೂನಿನಲ್ಲಿ ಕಾಡು ಕಡಿಯುವ ಕೆಲಸ ಆರಂಭವಾಯಿತು. 1938ರ ಜನವರಿ 11ರಂದು ಕ್ಯಾಪ್ಟನ್ ಡಗ್ಲಾಸ್ ಫ್ರೇಸರ್ ಎಂಬವರು ಫಾಕ್ಸ್ ಮಾತ್ ಎಂಬ ಪುಟ್ಟ ವಿಮಾನವನ್ನು ಅಲ್ಲಿ ಮೊದಲ ಬಾರಿಗೆ ಇಳಿಸಿದರು. ಕಾಮಗಾರಿ ಮುಗಿಯುವ ವೇಳೆಗೆ ಅದು ಆ ಕಾಲದ ಜಗತ್ತಿನ ಅತಿ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಒಂದೆನಿಸಿತ್ತು.

ಆದರೆ ಆ ವೇಳೆಗೆ ಸಾಗರವನ್ನು ದಾಟುತ್ತಿದ್ದವು ನೀರಿನ ಮೇಲೆ ಇಳಿಯುವ ಹಾರುದೋಣಿಗಳು. 1937ರ ಜುಲೈನಲ್ಲಿ ಬ್ರಿಟನ್ನಿನ ಒಂದು ಮತ್ತು ಅಮೆರಿಕದ ಒಂದು ಹಾರುದೋಣಿ ಐರ್ಲೆಂಡಿನ ಫಾಯ್ನ್ಸ್ ಮತ್ತು ನ್ಯೂಫೌಂಡ್‌ಲ್ಯಾಂಡಿನ ಬಾಟ್‌ವುಡ್ ಬಂದರುಗಳ ನಡುವೆ ಎದುರುಬದುರಾಗಿ ಪ್ರಯೋಗಾರ್ಥ ಹಾರಾಟ ನಡೆಸಿದವು. ಕಾಡಿನ ನಡುವಿನ ವಿಶಾಲವಾದ ರನ್‌ವೇಗಳು ಮಾತ್ರ ಬಹುಮಟ್ಟಿಗೆ ಬರಿದಾಗಿಯೇ ಇದ್ದವು. ಬಡದೇಶವೊಂದರ ನೆಲದಲ್ಲಿ ಇಷ್ಟು ಹಣವನ್ನು ಸುರಿದದ್ದು ವ್ಯರ್ಥವೇ ಎಂಬ ಪ್ರಶ್ನೆಗೆ ಉತ್ತರವನ್ನು ಕೊಟ್ಟದ್ದು ಎರಡನೆಯ ಮಹಾಯುದ್ಧ.

1940ರಲ್ಲಿ ಬ್ರಿಟನ್ ಒಂಟಿಯಾಗಿ ಹೋರಾಡುತ್ತಿದ್ದ ಕಾಲ. ಅಮೆರಿಕದಲ್ಲಿ ತಯಾರಾದ ಯುದ್ಧವಿಮಾನಗಳನ್ನು ಹಡಗುಗಳಲ್ಲಿ ಸಾಗಿಸಲು ತಿಂಗಳುಗಳು ಹಿಡಿಯುತ್ತಿದ್ದವು; ಜರ್ಮನಿಯ ಜಲಾಂತರ್ನೌಕೆಗಳ ಭಯ ಬೇರೆ. ವಿಮಾನಗಳನ್ನು ಹಾರಿಸಿಕೊಂಡೇ ಹೋದರೆ ಹೇಗೆಂಬ ಆಲೋಚನೆ ಹುಟ್ಟಿತು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ಕಿನ ಮೇಲೆ ಹಾರುವುದು ಆತ್ಮಹತ್ಯೆಗೆ ಸಮಾನವೆಂದು ಬಲ್ಲವರು ಹೇಳುತ್ತಿದ್ದರು. ಆ ವರ್ಷದ ನವೆಂಬರ್ 10ರ ರಾತ್ರಿ, ಡಾನ್ ಬೆನೆಟ್ ಎಂಬ ಆಸ್ಟ್ರೇಲಿಯಾದ ವೈಮಾನಿಕನ ನೇತೃತ್ವದಲ್ಲಿ ಏಳು ಹಡ್ಸನ್ ವಿಮಾನಗಳು ಗ್ಯಾಂಡರಿನಿಂದ ಮೇಲೆದ್ದವು. ಮರುದಿನ ಬೆಳಿಗ್ಗೆ ಏಳೂ ಉತ್ತರ ಐರ್ಲೆಂಡನ್ನು ಸುರಕ್ಷಿತವಾಗಿ ಸೇರಿದವು. ಅಂದಿನಿಂದ ಯುದ್ಧ ಮುಗಿಯುವವರೆಗೆ ಸಾವಿರಾರು ವಿಮಾನಗಳು ಈ ಮಾರ್ಗವಾಗಿ ಯೂರೋಪನ್ನು ಮುಟ್ಟಿದವು.

ಎಲ್ಲವೂ ಮುಟ್ಟಲಿಲ್ಲ. 1941ರ ಫೆಬ್ರವರಿಯಲ್ಲಿ ಗ್ಯಾಂಡರಿನಿಂದ ಹೊರಟ ಒಂದು ಹಡ್ಸನ್ ವಿಮಾನ ಯಂತ್ರ ಕೆಟ್ಟು ಹಿಂದಿರುಗುವಾಗ ಮಸ್‌ಗ್ರೇವ್ ಹಾರ್ಬರ್ ಎಂಬ ಹಳ್ಳಿಯ ಸಮೀಪ ಹಿಮದಲ್ಲಿ ಬಿದ್ದಿತು. ಅದರಲ್ಲಿ ಪ್ರಯಾಣಿಸುತ್ತಿದ್ದ ಸರ್ ಫ್ರೆಡರಿಕ್ ಬ್ಯಾಂಟಿಂಗ್ ಅಸುನೀಗಿದರು. ಇನ್ಸುಲಿನ್ನಿನ ಶೋಧಕ್ಕಾಗಿ 1923ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಹನೀಯರು ಅವರು. ಸಕ್ಕರೆ ಕಾಯಿಲೆಯಿಲ್ಲದ ಮನೆ ನಮ್ಮ ಜನರಲ್ಲಿ ವಿರಳ. ನಮ್ಮ ತಂದೆ ತಾಯಿಯರ ಆಯುಸ್ಸನ್ನು ಹೆಚ್ಚಿಸಿದ ಆ ವೈದ್ಯರ ಕೊನೆಯ ಪ್ರಯಾಣ ಈ ಕಾಡಿನ ನಿಲ್ದಾಣದಿಂದ ಆರಂಭವಾಯಿತೆಂಬುದನ್ನು ತಿಳಿದಾಗ ನನಗೆ ಆ ನೆಲ ತೀರ ಅಪರಿಚಿತವೆನಿಸಲಿಲ್ಲ. ಊರಿನ ಹೊರಗೆ ಹೆದ್ದಾರಿಯ ಬದಿಯಲ್ಲಿ ಯುದ್ಧಕಾಲದ ಸ್ಮಶಾನವಿದೆ. ಅಲ್ಲಿ ಮಲಗಿರುವವರಲ್ಲಿ ಅನೇಕರು ಶತ್ರುವಿನ ಮುಖವನ್ನೇ ಕಾಣದ ತರುಣರು. ಮಂಜು, ಹಿಮ ಮತ್ತು ಯಂತ್ರದ ವೈಫಲ್ಯಗಳೇ ಅವರ ವೈರಿಗಳಾಗಿದ್ದವು.

ಯುದ್ಧ ಮುಗಿಯಿತು. ಚಕ್ರಗಳುಳ್ಳ ದೊಡ್ಡ ವಿಮಾನಗಳು ಹಾರುದೋಣಿಗಳನ್ನು ಹಿಂದಕ್ಕೆ ತಳ್ಳಿದವು. 1945ರ ಅಕ್ಟೋಬರಿನಲ್ಲಿ ಅಮೆರಿಕನ್ ಓವರ್‌ಸೀಸ್ ಏರ್‌ಲೈನ್ಸ್ ಸಂಸ್ಥೆಯ ವಿಮಾನ ಪ್ರಯಾಣಿಕರನ್ನು ಹೊತ್ತು ನ್ಯೂಯಾರ್ಕಿನಿಂದ ಗ್ಯಾಂಡರ್ ಮಾರ್ಗವಾಗಿ ಇಂಗ್ಲೆಂಡಿಗೆ ಹೋಯಿತು. ಇತರ ಸಂಸ್ಥೆಗಳೂ ಹಿಂಬಾಲಿಸಿದವು. ಆಗಿನ ವಿಮಾನಗಳು ಒಂದೇ ಉಸಿರಿನಲ್ಲಿ ಸಾಗರವನ್ನು ದಾಟಲಾರದವು. ಗ್ಯಾಂಡರಿನಲ್ಲಿ ಇಂಧನವನ್ನು ತುಂಬಿಕೊಳ್ಳದೆ ಗತಿಯಿರಲಿಲ್ಲ. ರಾತ್ರಿಯೆಲ್ಲ ವಿಮಾನಗಳು ಬಂದಿಳಿಯುತ್ತಿದ್ದವು. ಪ್ರಯಾಣಿಕರು ಚಳಿಯಲ್ಲಿ ನಡುಗುತ್ತ ಒಳಗೆ ಬಂದು ಕಾಫಿ ಕುಡಿದು ಮತ್ತೆ ಹತ್ತುತ್ತಿದ್ದರು. ಯುದ್ಧದಿಂದ ನೊಂದ ಯೂರೋಪನ್ನು ತೊರೆದು ಹೊಸ ಬಾಳನ್ನು ಅರಸಿ ವಿಮಾನದಲ್ಲಿ ಹೊರಟ ಅನೇಕ ವಲಸೆಗಾರರ ಕಾಲಿಗೆ ತಗುಲಿದ ಉತ್ತರ ಅಮೆರಿಕದ ಮೊದಲ ನೆಲ ಇದೇ. ಅರಸೀಕೆರೆಯಂಥ ರೈಲ್ವೆ ಜಂಕ್ಷನ್ನುಗಳನ್ನು ಬಲ್ಲ ನಮಗೆ ಈ ಚಿತ್ರ ಹೊಸದೇನಲ್ಲ: ಪ್ಲಾಟ್‌ಫಾರಂ ಎಲ್ಲರಿಗೂ ಗೊತ್ತು, ಊರು ಯಾರಿಗೂ ಗೊತ್ತಿಲ್ಲ. ಜಗತ್ತಿನ ಕೂಡುದಾರಿ ಎಂಬ ಬಿರುದು ಗ್ಯಾಂಡರಿಗೆ ಬಂದದ್ದು ಆಗಲೇ.

ಕೂಡುದಾರಿಯನ್ನು ಕಾಯುತ್ತಿದ್ದವರು ಮಾತ್ರ ಸೈನಿಕರು ಬಿಟ್ಟುಹೋದ ಮರದ ಬ್ಯಾರಕ್ಕುಗಳಲ್ಲಿ, ರನ್‌ವೇಗಳ ಪಕ್ಕದಲ್ಲಿಯೇ ಸಂಸಾರ ಹೂಡಿದ್ದರು. ವಿಮಾನಗಳ ಸದ್ದಿನಲ್ಲಿಯೇ ಅವರ ಮಕ್ಕಳು ಹುಟ್ಟಿ ಬೆಳೆದರು. 1949ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕೆನಡಾವನ್ನು ಸೇರಿತು. 1950ರ ದಶಕದಲ್ಲಿ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಈಗಿನ ಊರನ್ನು ಯೋಜನಾಬದ್ಧವಾಗಿ ಕಟ್ಟಲಾಯಿತು. ಅದರ ರಸ್ತೆಗಳಿಗೆ ಆಲ್ಕಾಕ್, ಲಿಂಡ್‌ಬರ್ಗ್, ಇಯರ್‌ಹಾರ್ಟ್ ಮೊದಲಾದ ವೈಮಾನಿಕರ ಹೆಸರುಗಳನ್ನೇ ಇಟ್ಟರು.

ಆ ಜನರ ಸ್ವಭಾವ ಹೊರಜಗತ್ತಿಗೆ ತಿಳಿದದ್ದು ಒಂದು ದುರಂತದಲ್ಲಿ. 1946ರ ಸೆಪ್ಟೆಂಬರ್ 18ರಂದು ಬೆಲ್ಜಿಯಂ ದೇಶದ ಸಬೀನಾ ಸಂಸ್ಥೆಯ ವಿಮಾನ ಗ್ಯಾಂಡರಿನಲ್ಲಿ ಇಳಿಯಲು ಬರುತ್ತಿರುವಾಗ ಕಾಡಿನಲ್ಲಿ ಅಪ್ಪಳಿಸಿತು. ಬದುಕಿ ಉಳಿದವರು ಇದ್ದ ಸ್ಥಳಕ್ಕೆ ದಾರಿಯೇ ಇರಲಿಲ್ಲ, ಸುತ್ತಲೂ ಕೆಸರು. ಆಗ ಅಮೆರಿಕದ ಕರಾವಳಿ ರಕ್ಷಣಾ ಪಡೆಯವರು ಹೆಲಿಕಾಪ್ಟರುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ದೊಡ್ಡ ವಿಮಾನಗಳಲ್ಲಿ ಗ್ಯಾಂಡರಿಗೆ ತಂದು, ಅಲ್ಲಿಯೇ ಮತ್ತೆ ಜೋಡಿಸಿದರು. ಜೌಗು ನೆಲದ ಮೇಲೆ ಮರದ ಹಲಗೆಗಳನ್ನು ಹಾಸಿ ಅವುಗಳನ್ನು ಇಳಿಸಿ 18 ಜನರನ್ನು ಪಾರುಮಾಡಲಾಯಿತು. ಹೆಲಿಕಾಪ್ಟರ್ ಎಂಬ ಯಂತ್ರ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಇದೊಂದು ಅದ್ಭುತವೇ ಸರಿ. ಆ ಕಾಡಿನ ಅಂಚಿನಲ್ಲಿ ನಿಲ್ದಾಣವೊಂದು ಸಿದ್ಧವಾಗಿರದಿದ್ದರೆ ಆ ಜೀವಗಳು ಉಳಿಯುತ್ತಿರಲಿಲ್ಲ.

ಗ್ಯಾಂಡರಿನ ವೈಭವದ ಶಿಖರ 1959. ಆ ವರ್ಷದ ಜೂನ್ 19ರಂದು ಎರಡನೆಯ ಎಲಿಜಬೆತ್ ರಾಣಿಯವರು ಹೊಸ ನಿಲ್ದಾಣ ಕಟ್ಟಡವನ್ನು ಉದ್ಘಾಟಿಸಿದರು. ಕೆನಡಾದ ಮುಖವನ್ನು ಜಗತ್ತಿಗೆ ತೋರಿಸುವ ಹಜಾರವೆಂದು ಸರ್ಕಾರ ಅದನ್ನು ಮುತುವರ್ಜಿಯಿಂದ ಕಟ್ಟಿಸಿತ್ತು. ನಾನು ಆ ಹಜಾರದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಹೊಳೆಯುವ ನೆಲದ ಮೇಲೆ ಬಣ್ಣಬಣ್ಣದ ಪಟ್ಟೆಗಳು. ಆ ಕಾಲದ ಆಸನಗಳು ಹಾಗೆಯೇ ಇವೆ. ಒಂದು ಗೋಡೆಯನ್ನು ತುಂಬಿರುವುದು ಕೆನೆತ್ ಲಾಕ್‌ಹೆಡ್ ಎಂಬ ಕಲಾವಿದರ 72 ಅಡಿ ಉದ್ದದ ಭಿತ್ತಿಚಿತ್ರ. ಹಾರಾಟವೇ ಅದರ ವಸ್ತು. ಬಣ್ಣದ ಪುಡಿಯನ್ನು ಮೊಟ್ಟೆಯಲ್ಲಿ ಕಲಸಿ ಬರೆಯುವ ಪುರಾತನ ವಿಧಾನವನ್ನು ಅವರು ಅನುಸರಿಸಿದರು. ಅಡಿಗೆಮನೆಯ ಪದಾರ್ಥವೊಂದು ಅಷ್ಟು ದೊಡ್ಡ ಗೋಡೆಯ ಮೇಲೆ ಅರುವತ್ತು ವರ್ಷಗಳಾದರೂ ಮಾಸದೆ ಉಳಿದಿರುವುದನ್ನು ಕಂಡು ನಾನು ಬೆರಗಾದೆ.

ವಿಧಿಯ ವಿಪರ್ಯಾಸವನ್ನು ನೋಡಿ. ಹಜಾರ ಸಿದ್ಧವಾಗುವ ಹೊತ್ತಿಗೆ ಅದರ ಅಗತ್ಯವೇ ತೀರುತ್ತ ಬಂದಿತ್ತು. 1958ರ ಅಕ್ಟೋಬರ್ 26ರಂದು ಪ್ಯಾನ್ ಅಮೆರಿಕನ್ ಸಂಸ್ಥೆಯ ಬೋಯಿಂಗ್ 707 ಜೆಟ್ ವಿಮಾನ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಮೊದಲ ಬಾರಿಗೆ ಪ್ರಯಾಣಿಕರನ್ನು ಕೊಂಡೊಯ್ಯಿತು. ಅಂದು ಅದು ಇಂಧನಕ್ಕಾಗಿ ಗ್ಯಾಂಡರಿನಲ್ಲಿ ಇಳಿದಿತ್ತು. ಆದರೆ ಅದರ ಹಿಂದೆಯೇ ಬಂದ ದೊಡ್ಡ ಜೆಟ್ಟುಗಳು ಇಳಿಯುವ ಗೋಜಿಗೇ ಹೋಗಲಿಲ್ಲ. ಮಗನ ಸಂಸಾರಕ್ಕೆಂದು ಮಹಡಿ ಕಟ್ಟಿಸಿದ ತಂದೆಗೆ, ಗೃಹಪ್ರವೇಶದ ದಿನವೇ ಮಗ ಪರದೇಶಕ್ಕೆ ಹೊರಟನೆಂಬ ಸುದ್ದಿ ತಿಳಿದಂತಾಯಿತು ಗ್ಯಾಂಡರಿನ ಸ್ಥಿತಿ. ಹೀಗೆ ಹೊರಟುಬಂದವರೇ ಆದ ನಮಗೆ ಆ ಮಹಡಿಯ ಮೌನ ಎಂಥದೆಂದು ವಿವರಿಸಬೇಕಾಗಿಲ್ಲ.

ಹಜಾರ ಪೂರ್ತಿ ಬರಿದಾಗಲಿಲ್ಲ. ಪೂರ್ವ ಯೂರೋಪು, ಸೋವಿಯತ್ ಒಕ್ಕೂಟ ಮತ್ತು ಕ್ಯೂಬಾಗಳ ನಡುವೆ ಹಾರುತ್ತಿದ್ದ ವಿಮಾನಗಳು ಹಲವು ದಶಕಗಳ ಕಾಲ ಇಂಧನಕ್ಕಾಗಿ ಇಲ್ಲಿ ನಿಲ್ಲುತ್ತಿದ್ದವು. ಕೆಳಗಿಳಿದ ಪ್ರಯಾಣಿಕರಲ್ಲಿ ಕೆಲವರು ಮತ್ತೆ ಹತ್ತಲೇ ಇಲ್ಲ. ಹಜಾರದಲ್ಲಿ ಒಬ್ಬ ಅಧಿಕಾರಿಯನ್ನು ಹುಡುಕಿ ಆಶ್ರಯ ಬೇಡಿದರು. ಅವರಲ್ಲಿ ಒಬ್ಬರು ಫಾನ್ ಥಿ ಕಿಮ್ ಫುಕ್. 1972ರಲ್ಲಿ ವಿಯೆಟ್ನಾಮಿನ ಹಳ್ಳಿಯೊಂದರಲ್ಲಿ ನೇಪಾಮ್ ಬೆಂಕಿಯಿಂದ ಬೆಂದು ರಸ್ತೆಯಲ್ಲಿ ಓಡಿಬರುತ್ತಿದ್ದ ಬಾಲಕಿಯ ಚಿತ್ರವನ್ನು ಕಂಡವರು ಮರೆಯಲಾರರು. ಆ ಬಾಲಕಿಯೇ ಬೆಳೆದು ದೊಡ್ಡವಳಾಗಿ, 1992ರಲ್ಲಿ ಮಾಸ್ಕೋದಿಂದ ಕ್ಯೂಬಾಕ್ಕೆ ಪತಿಯೊಡನೆ ಮರಳುವಾಗ, ಗ್ಯಾಂಡರಿನಲ್ಲಿ ವಿಮಾನ ನಿಂತ ಆ ಅಲ್ಪಾವಧಿಯಲ್ಲಿ ಕೆನಡಾದ ಆಶ್ರಯವನ್ನು ಕೋರಿದರು. ಇಂಧನಕ್ಕೆ ನಿಂತ ಗಳಿಗೆ ಅವರ ಬಾಳಿನ ತಿರುವಾಯಿತು. ಎರಡು ಪೆಟ್ಟಿಗೆಗಳೊಡನೆ ಬಂದಿಳಿದ ನಮ್ಮನ್ನು ನಾವು ಸಾಹಸಿಗಳೆಂದುಕೊಳ್ಳುತ್ತೇವೆ; ಪೆಟ್ಟಿಗೆಯನ್ನೂ ವಿಮಾನದಲ್ಲಿಯೇ ಬಿಟ್ಟು ಬಂದವರ ಎದುರಿನಲ್ಲಿ ನಮ್ಮದು ಸುಖಪ್ರಯಾಣವೇ ಸರಿ.

1985 ಈ ಮಾರ್ಗಕ್ಕೆ ಕ್ರೂರವಾದ ವರ್ಷ. ಜೂನ್ 23ರಂದು ಮಾಂಟ್ರಿಯಲ್ಲಿನಿಂದ ಹೊರಟಿದ್ದ ಏರ್ ಇಂಡಿಯಾದ 'ಕನಿಷ್ಕ' ವಿಮಾನ ಬಾಂಬಿಗೆ ತುತ್ತಾಗಿ ಐರ್ಲೆಂಡಿನ ಸಮೀಪ ಸಾಗರದಲ್ಲಿ ಬಿದ್ದು 329 ಜನ ಮಡಿದರು. ಅವರಲ್ಲಿ ಬಹುಪಾಲು ಬೇಸಿಗೆಯ ರಜೆಗೆ ಊರಿಗೆ ಹೊರಟಿದ್ದ ನಮ್ಮಂಥ ಸಂಸಾರಗಳೇ. ಅದೇ ವರ್ಷದ ಡಿಸೆಂಬರ್ 12ರಂದು, ಸೀನಾಯ್ ಪ್ರದೇಶದಲ್ಲಿ ಶಾಂತಿಪಾಲನೆಯ ಕರ್ತವ್ಯವನ್ನು ಮುಗಿಸಿ ಕ್ರಿಸ್‌ಮಸ್ ಹಬ್ಬಕ್ಕೆ ಮನೆಗೆ ಮರಳುತ್ತಿದ್ದ ಅಮೆರಿಕದ ಸೈನಿಕರ ವಿಮಾನ ಗ್ಯಾಂಡರಿನಿಂದ ಮೇಲೆದ್ದ ಕೂಡಲೇ ನೆಲಕ್ಕೆ ಬಿತ್ತು. 248 ಸೈನಿಕರೂ ಎಂಟು ಮಂದಿ ಸಿಬ್ಬಂದಿಯೂ ತೀರಿಕೊಂಡರು. ಅಪಘಾತ ನಡೆದ ಇಳಿಜಾರಿನಲ್ಲಿ, ಸರೋವರಕ್ಕೆ ಅಭಿಮುಖವಾಗಿ, ಇಬ್ಬರು ಮಕ್ಕಳ ಕೈ ಹಿಡಿದು ನಿಂತ ಸೈನಿಕನ ಸ್ಮಾರಕವಿದೆ. ತಮಗೆ ಏನೂ ಆಗಬೇಕಿಲ್ಲದವರಿಗಾಗಿ ಗ್ಯಾಂಡರಿನ ಜನ ದುಃಖಿಸಿದರು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ವಿಮಾನಗಳೂ ವಿರಳವಾದವು. ಗ್ಯಾಂಡರಿಗೆ ಜನ್ಮ ಕೊಟ್ಟ ರೈಲು 1988ರಲ್ಲಿಯೇ ನಿಂತುಹೋಗಿ, ಹಳಿಗಳನ್ನೂ ಕಿತ್ತುಹಾಕಿದ್ದರು. ಇಷ್ಟು ಉದ್ದದ ರನ್‌ವೇಗಳಿಂದ ಹಿಮ ತೆಗೆಯುವುದು, ದೀಪಗಳನ್ನು ಉರಿಸುವುದು, ಅಗ್ನಿಶಾಮಕ ದಳವನ್ನು ಇಟ್ಟುಕೊಳ್ಳುವುದು ಯಾರಿಗಾಗಿ ಎಂದು ಲೆಕ್ಕ ಬಲ್ಲವರು ಕೇಳುವಂಥ ಕಾಲ ಬಂತು. ಆ ಪ್ರಶ್ನೆಗೆ ಉತ್ತರ ದೊರೆತ ದಿನ 2001ರ ಸೆಪ್ಟೆಂಬರ್ 11.

ಅಂದು ಬೆಳಿಗ್ಗೆ ಅಮೆರಿಕ ತನ್ನ ಆಕಾಶವನ್ನು ಮುಚ್ಚಿತು. ಯೂರೋಪಿನಿಂದ ಹೊರಟಿದ್ದ ನೂರಾರು ವಿಮಾನಗಳು ಆಗ ಸಾಗರದ ಮೇಲಿದ್ದವು. ಹಿಂದಿರುಗುವಷ್ಟು ಇಂಧನವಿದ್ದವು ಹಿಂದಿರುಗಿದವು. ಅರ್ಧ ದಾರಿಯನ್ನು ದಾಟಿದವುಗಳಿಗೆ ಕೆನಡಾ ಒಂದೇ ಗತಿ. ಗ್ಯಾಂಡರಿನಲ್ಲಿ 38 ಪ್ರಯಾಣಿಕ ವಿಮಾನಗಳು ಇಳಿದವು. 6,500ಕ್ಕೂ ಹೆಚ್ಚು ಜನ. ಆಗ ಊರಿನ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಬಂದವರಲ್ಲಿ ಯಾರು ಎಂಥವರೋ ಎಂಬ ಶಂಕೆ ಜಗತ್ತಿನಾದ್ಯಂತ ಹಬ್ಬಿದ್ದ ದಿನ ಅದು. ತಪಾಸಣೆ ಮುಗಿಯುವ ತನಕ ಅನೇಕರು ಇಡೀ ರಾತ್ರಿ ವಿಮಾನದಲ್ಲಿಯೇ ಕುಳಿತಿರಬೇಕಾಯಿತು. ಆಮೇಲೆ ಒಬ್ಬೊಬ್ಬರಾಗಿ ಆ ಭಿತ್ತಿಚಿತ್ರದ ಹಜಾರಕ್ಕೆ ಬಂದರು. ನಲವತ್ತೆರಡು ವರ್ಷಗಳ ಹಿಂದೆ ಜಗತ್ತನ್ನು ಬರಮಾಡಿಕೊಳ್ಳಲೆಂದು ಕಟ್ಟಿದ ಹಜಾರಕ್ಕೆ ಜಗತ್ತು ಕೊನೆಗೂ ಬಂದಿತ್ತು.

ಮುಷ್ಕರ ಹೂಡಿದ್ದ ಶಾಲಾ ಬಸ್ಸುಗಳ ಚಾಲಕರು ಮುಷ್ಕರವನ್ನು ಬದಿಗಿಟ್ಟು ಬಸ್ಸು ಹತ್ತಿದರು. ಶಾಲೆಗಳು, ಚರ್ಚುಗಳು, ಸಂಘಗಳ ಸಭಾಂಗಣಗಳು ತೆರೆದವು. ಲೂಯಿಸ್‌ಪೋರ್ಟ್, ಗ್ಯಾಂಬೋ, ಆಪಲ್‌ಟನ್, ಗ್ಲೆನ್‌ವುಡ್ ಮೊದಲಾದ ಸುತ್ತಲಿನ ಹಳ್ಳಿಗಳೂ ಕೈಜೋಡಿಸಿದವು. ಹೆಂಗಸರು ಹಗಲಿರುಳು ಅಡಿಗೆ ಮಾಡಿದರು. ಬಂದು ಬಿದ್ದ ಆಹಾರವನ್ನು ಕೆಡದಂತೆ ಇಡಲು ಜಾಗ ಸಾಲದೆ, ಮಂಜಿನ ಮೇಲೆ ಹಾಕಿ ಆಡುವ ಕ್ರೀಡಾಂಗಣವನ್ನೇ ಶೀತಲಗೃಹವನ್ನಾಗಿ ಮಾಡಿಕೊಂಡರು. ಯಹೂದಿ ಪ್ರಯಾಣಿಕರ ಆಚಾರಕ್ಕೆ ತಕ್ಕಂತೆ ಪ್ರತ್ಯೇಕ ಅಡಿಗೆಯ ಏರ್ಪಾಟಾಯಿತು. ಔಷಧಿಗಳು ವಿಮಾನದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದವರಿಗಾಗಿ ಔಷಧದಂಗಡಿಯವರು ದೇಶದೇಶಗಳಿಗೆ ದೂರವಾಣಿ ಮಾಡಿ ಮದ್ದು ಒದಗಿಸಿದರು. ಸ್ನಾನಕ್ಕೆ ಬನ್ನಿರೆಂದು ಮನೆಗಳಿಗೆ ಕರೆದೊಯ್ದರು. ಸುಮಾರು ಐದು ದಿನ ಹೀಗೆ ನಡೆಯಿತು. ಹಣ ಕೊಡಹೋದವರಿಗೆ ಬೇಡವೆಂದರು. ಲೂಯಿಸ್‌ಪೋರ್ಟಿನಲ್ಲಿ ತಂಗಿದ್ದ ಒಂದು ವಿಮಾನದ ಪ್ರಯಾಣಿಕರು ಮರಳುವ ದಾರಿಯಲ್ಲಿ, ಆಕಾಶದಲ್ಲಿಯೇ, ಆ ಊರಿನ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ನಿಧಿಯೊಂದನ್ನು ಆರಂಭಿಸಿದರು. ಹೊರಗಿನಿಂದ ಬಂದವರನ್ನು ಕರೆಯಲು ಆ ದ್ವೀಪದವರು ಬಳಸುವ ಮಾತನ್ನೇ ಹೆಸರಾಗಿಸಿಕೊಂಡ 'ಕಮ್ ಫ್ರಮ್ ಅವೇ' ಎಂಬ ಸಂಗೀತನಾಟಕ 2017ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನು ಏರಿ ಈ ಕಥೆಯನ್ನು ಲೋಕಕ್ಕೆ ಸಾರಿತು.

ಆ ನಾಟಕವನ್ನು ನೋಡಿದವರು ಜನರ ಔದಾರ್ಯವನ್ನು ಕೊಂಡಾಡುತ್ತಾರೆ. ಅದು ಯುಕ್ತವೇ. ಇತಿಹಾಸವನ್ನು ಓದಿದವಳಿಗೆ ಇನ್ನೊಂದು ಅಂಶ ಕಾಣುತ್ತದೆ. ಔದಾರ್ಯವಿದ್ದೂ ರನ್‌ವೇ ಇರದಿದ್ದರೆ ಆ ವಿಮಾನಗಳು ಇಳಿಯುವಂತಿರಲಿಲ್ಲ. ದಶಕಗಳ ಕಾಲ ಲಾಭವಿಲ್ಲದಿದ್ದರೂ ಪ್ರತಿ ಚಳಿಗಾಲದಲ್ಲಿ ಹಿಮವನ್ನು ತೆಗೆದವರು, ದೀಪವನ್ನು ಆರಗೊಡದವರು ಇದ್ದುದರಿಂದ ಆ ಔದಾರ್ಯಕ್ಕೆ ಒಂದು ನೆಲ ದೊರೆಯಿತು. ಅಪರಿಚಿತರಿಗೆ ಕಾಫಿ ಕೊಟ್ಟು, ಕೆಸರಿನಲ್ಲಿ ಬಿದ್ದವರನ್ನು ಎತ್ತಿ, ಓಡಿಬಂದವರಿಗೆ ಆಶ್ರಯ ಕೊಟ್ಟು ಅರುವತ್ತು ವರ್ಷ ರೂಢಿಯಾಗಿದ್ದ ಊರು ಅದು. ಐದು ದಿನಗಳ ಆ ಉಪಚಾರದ ಹಿಂದೆ ಅಷ್ಟೂ ವರ್ಷಗಳ ಅಭ್ಯಾಸವಿತ್ತು.

ಇಷ್ಟಾದ ಮೇಲೂ, 2014ರ ಸುಮಾರಿಗೆ, ಹಳೆಯ ಕಟ್ಟಡ ದೊಡ್ಡದಾಯಿತು, ಅದನ್ನು ಕೆಡವಿ ಚಿಕ್ಕದೊಂದನ್ನು ಕಟ್ಟೋಣವೆಂಬ ಯೋಜನೆ ಹೊರಟಿತು. ಊರಿನವರೂ ಶಿಲ್ಪಕಲೆಯನ್ನು ಬಲ್ಲವರೂ ಹಜಾರದ ಪರವಾಗಿ ದನಿಯೆತ್ತಿದರು. ಕೆಡಹುವ ಯೋಜನೆ ಕೈಬಿಟ್ಟುಹೋಯಿತು. ಪ್ರಯಾಣಿಕರಿಗೆ ಮಾತ್ರ ಮೀಸಲಾಗಿದ್ದ ಹಜಾರವನ್ನು ಈಗ ಯಾರು ಬೇಕಾದರೂ ಹೋಗಿ ನೋಡಬಹುದು. ಸಾಗರದ ಮೇಲೆ ದಿನಕ್ಕೆ ಸಾವಿರಕ್ಕೂ ಮಿಗಿಲಾದ ವಿಮಾನಗಳು ಸಂಚರಿಸುತ್ತವೆ. ಪಶ್ಚಿಮಾರ್ಧದಲ್ಲಿ ಅವುಗಳಿಗೆ ದಾರಿ ತೋರುವ ನಿಯಂತ್ರಣ ಕೇಂದ್ರ ಇರುವುದೂ ಗ್ಯಾಂಡರಿನಲ್ಲಿಯೇ. ನಾವು ನಿದ್ರಿಸುತ್ತಿರುವಾಗ ಎಚ್ಚರವಿದ್ದು ನಮ್ಮ ವಿಮಾನದ ಎತ್ತರವನ್ನೂ ಅಂತರವನ್ನೂ ಕಾಯುವವರು ಅಲ್ಲಿದ್ದಾರೆ. ವಿಮಾನದಲ್ಲಿ ಯಾರಿಗಾದರೂ ಎದೆನೋವು ಬಂದರೆ, ಯಂತ್ರ ಕೆಟ್ಟರೆ, ಇಳಿಯಲು ಇಂದಿಗೂ ಅದೇ ರನ್‌ವೇ ಇದೆ.

ನಮ್ಮ ನಾಡಿನಲ್ಲಿ ಬೇಸಿಗೆ ಬಂತೆಂದರೆ ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡುವ ಪದ್ಧತಿಯುಂಟು. ಅರವಂಟಿಗೆಗೆ ದತ್ತಿ ಬಿಟ್ಟ ಸಂಗತಿಯನ್ನು ನಮ್ಮ ಹಳೆಯ ಶಾಸನಗಳು ಕಲ್ಲಿನಲ್ಲಿ ಕೊರೆದಿಟ್ಟಿವೆ. ನೀರು ಕುಡಿದವನು ಯಾರು, ಎತ್ತಣವನು ಎಂದು ಅರವಟ್ಟಿಗೆಯವನು ಕೇಳುವುದಿಲ್ಲ. ಇಂದು ಯಾರೂ ಬರಲಿಲ್ಲವೆಂದು ನಾಳೆ ಗಡಿಗೆಯನ್ನು ಬರಿದಾಗಿ ಇಡುವುದೂ ಇಲ್ಲ. ಅರವಟ್ಟಿಗೆಯ ಧರ್ಮವೇ ಅದು: ಬರುವವರ ಲೆಕ್ಕ ನೋಡದೆ ದಿನವೂ ಗಡಿಗೆ ತುಂಬಿಡುವುದು. ಸಾಗರದಂಚಿನ ಆ ನಿಲ್ದಾಣದಲ್ಲಿ ನನಗೆ ಕಂಡದ್ದು ಈ ಧರ್ಮ.

ಈ ಮಾತನ್ನು ಸಮ್ಮೇಳನದ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ಭಾನುವಾರದ ಕನ್ನಡ ತರಗತಿಗೆ ನಾಲ್ಕೇ ಮಕ್ಕಳು ಬಂದರು, ರಾಜ್ಯೋತ್ಸವಕ್ಕೆ ಕುರ್ಚಿಗಳು ತುಂಬಲಿಲ್ಲ, ಇನ್ನು ಇದೆಲ್ಲ ಯಾರಿಗಾಗಿ ಎಂಬ ಮಾತನ್ನು ನಮ್ಮ ಅನೇಕ ಕನ್ನಡ ಸಂಘಗಳಲ್ಲಿ ಕೇಳುತ್ತೇವೆ. ಬೇಸತ್ತ ದಿನಗಳಲ್ಲಿ ನಾನೂ ಹಾಗೆ ಹೇಳಿದ್ದೇನೆ. ಎಲ್ಲ ವಿಮಾನಗಳೂ ನಮ್ಮ ತಲೆಯ ಮೇಲೆಯೇ ಹಾರಿಹೋಗುತ್ತಿವೆ ಎನ್ನಿಸುವುದು ಸಹಜ. ಆದರೆ ನಮ್ಮ ಮಕ್ಕಳೋ ಮೊಮ್ಮಕ್ಕಳೋ ಯಾವುದೋ ಒಂದು ದಿನ, ನಾವು ಊಹಿಸಲಾರದ ಕಾರಣಕ್ಕಾಗಿ, ಈ ನುಡಿಯಲ್ಲಿ ಇಳಿಯಲು ಜಾಗವನ್ನು ಹುಡುಕಬಹುದು. ಆ ದಿನ ರನ್‌ವೇ ಕಟ್ಟಲು ಹೊರಟರೆ ತಡವಾಗುತ್ತದೆ. ಅಲ್ಲಿಯವರೆಗೆ ಹಿಮ ತೆಗೆಯುವ ಕೆಲಸ ನಮ್ಮದು.

ಮುಂದಿನ ಸಲ ಊರಿಗೆ ಹೋಗುವಾಗ ಪರದೆಯ ನಕ್ಷೆಯಲ್ಲಿ ನೆಲ ಮುಗಿಯುವೆಡೆ ಆ ಪುಟ್ಟ ಹೆಸರು ಮೂಡಿದರೆ, ಕಣ್ಣು ಮುಚ್ಚುವ ಮುನ್ನ ಒಂದು ಗಳಿಗೆ ಕೆಳಗೆ ನೋಡಿ. ಕತ್ತಲೆಯಲ್ಲಿ ಏನೂ ಕಾಣಿಸದಿರಬಹುದು. ಅಲ್ಲಿ ದೀಪಗಳು ಉರಿಯುತ್ತಿರುತ್ತವೆ.